ಕ್ವಾಯರ್: ಒಂದು ಪದದ ಹಾದಿ, ಪಟ್ಟದಕಲ್ಲಿನ ಒಂದು ಶಾಸನ

ಭಾನುವಾರದ ಬಲಿಪೂಜೆಗೆ ಹತ್ತು ನಿಮಿಷವಿರುವಾಗ ನಮ್ಮ ದೇವಾಲಯಗಳ ಅಂಗಳದಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಕ್ವಾಯರ್‌ನವರು ಬಂದರೇ?" ಈ ಮಾತಿಗೆ ಕನ್ನಡದಲ್ಲಿ ಗಾನವೃಂದ, ಗಾಯಕವೃಂದ, ಗಾಯನ ಮೇಳ ಎಂಬ ಒಳ್ಳೆಯ ಪದಗಳಿವೆ. ಹಬ್ಬದ ಆಮಂತ್ರಣ ಪತ್ರಿಕೆಗಳಲ್ಲಿ ಅವನ್ನು ಅಚ್ಚು ಹಾಕಿಸುತ್ತೇವೆ. ಆದರೆ ಬಾಯಿಗೆ ಬರುವುದು ಕ್ವಾಯರ್ ಎಂಬ ಇಂಗ್ಲಿಷ್ ಪದವೇ. ದಿನವೂ ಬಳಸುವ ಮಾತಿನ ಬೇರನ್ನು ನಾವು ವಿಚಾರಿಸುವುದು ಕಡಿಮೆ. ವಿಚಾರಿಸಿದರೆ ಈ ಪುಟ್ಟ ಪದ ಗ್ರೀಸ್ ದೇಶದ ಕಣದಿಂದ ಹೊರಟು ಪವಿತ್ರ ಗ್ರಂಥವನ್ನು ಹಾದು ಯುರೋಪಿನ ಮಠಗಳಲ್ಲಿ ನೆಲೆಸಿ ನಮ್ಮವರೆಗೆ ಬಂದ ದೀರ್ಘ ಪಯಣ ಕಾಣುತ್ತದೆ. ಆ ಪದ ನಮ್ಮ ನಾಡಿಗೆ ಬರುವುದಕ್ಕೆ ಸಾವಿರ ವರ್ಷ ಮುಂಚೆಯೇ ಅದರ ತಿರುಳನ್ನು ಬಲ್ಲವರು ಮಲಪ್ರಭೆಯ ದಡದ ಪಟ್ಟದಕಲ್ಲಿನಲ್ಲಿದ್ದರು ಎಂಬುದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಈ ಎರಡನ್ನೂ ಒಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ.

ಪದದ ಹುಟ್ಟು

ಕ್ವಾಯರ್ ಪದದ ಮೂಲ ಗ್ರೀಕ್ ಭಾಷೆಯ 'ಖೊರೋಸ್'. ಅದರ ಮೊದಲ ಅರ್ಥ ಹಾಡಲ್ಲ, ಕುಣಿತ. ಹಲವರು ಕೂಡಿ ಹಾಡುತ್ತ ಸುತ್ತುಗಟ್ಟಿ ಹೆಜ್ಜೆ ಹಾಕುವುದಕ್ಕೆ ಗ್ರೀಕರು ಖೊರೋಸ್ ಎಂದರು. ಹೋಮರನ ಕಾವ್ಯದಲ್ಲಿ ಆ ಪದ ಕುಣಿಯುವವರನ್ನೂ ಸೂಚಿಸುತ್ತದೆ, ಕುಣಿಯಲೆಂದು ಸಮಮಾಡಿದ ನೆಲವನ್ನೂ ಸೂಚಿಸುತ್ತದೆ. ಜನ ಮತ್ತು ಜಾಗ ಎರಡಕ್ಕೂ ಒಂದೇ ಹೆಸರು. ನಮ್ಮ 'ಸಭೆ' ಎಂಬ ಮಾತು ಕೂಡಿದ ಜನರಿಗೂ ಅವರು ಕೂಡುವ ಸ್ಥಳಕ್ಕೂ ಸಲ್ಲುವ ಹಾಗೆ ಇದು ಎಂದುಕೊಳ್ಳಬಹುದು.

ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸ್ ನಗರದಲ್ಲಿ ಖೊರೋಸ್ ನಾಟಕದ ಅಂಗವಾಯಿತು. ದುರಂತ ನಾಟಕಕ್ಕೆ ಮೊದಲು 12, ಬಳಿಕ 15 ಮಂದಿಯ ಮೇಳ; ಹಾಸ್ಯ ನಾಟಕಕ್ಕೆ 24 ಮಂದಿ. ಅವರು ಹಾಡುತ್ತ, ಹೆಜ್ಜೆ ಹಾಕುತ್ತ ಊರಿನ ಹಿರಿಯರ ಬಾಯಾಗಿ, ಊರಿನ ತಾಯಂದಿರ ಬಾಯಾಗಿ ಕಥೆಯ ನೋವು ನಲಿವುಗಳಿಗೆ ದನಿಗೂಡಿಸುತ್ತಿದ್ದರು. ಈ ಮೇಳವನ್ನು ಅಣಿಗೊಳಿಸುವ ವೆಚ್ಚವನ್ನು ನಗರದ ಸಿರಿವಂತನೊಬ್ಬ ಹೊರಬೇಕಾಗಿತ್ತು. ಅವನಿಗೆ 'ಖೊರೆಗೋಸ್' ಎಂದು ಹೆಸರು. ಹಾಡುವವರ ಪೋಷಣೆ ಊರಿನ ಹೊಣೆ ಎಂಬ ಭಾವನೆ ಅಷ್ಟು ಹಳೆಯದು.

ಗ್ರೀಕರ ಖೊರೋಸ್ ಲ್ಯಾಟಿನ್ ಭಾಷೆಯಲ್ಲಿ 'ಕೋರಸ್' ಆಯಿತು. ಇಂದು ನಾವು ಬಳಸುವ ಕೋರಸ್ ಎಂಬ ಮಾತು ಅದೇ. ನೃತ್ಯ ಸಂಯೋಜನೆಗೆ ಹೇಳುವ ಕೊರಿಯೋಗ್ರಫಿಯ ಬೇರೂ ಇದೇ. ಕ್ರಿಸ್ತಜಯಂತಿಯ ಕಾಲದಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ಹಳೆಯ ಫ್ರೆಂಚಿನಲ್ಲಿ ಕೈ ಕೈ ಹಿಡಿದು ಸುತ್ತು ಕುಣಿಯುವ ನೃತ್ಯದ ಹೆಸರಾಗಿತ್ತು. ಅದನ್ನೂ ಈ ಬಳಗಕ್ಕೇ ಸೇರಿಸುವ ಪಂಡಿತರಿದ್ದಾರೆ.

ಪವಿತ್ರ ಗ್ರಂಥದಲ್ಲಿ

ಹೀಬ್ರೂ ಭಾಷೆಯ ಧರ್ಮಗ್ರಂಥವನ್ನು ಕ್ರಿಸ್ತಪೂರ್ವ ಕಾಲದ ಯೆಹೂದ್ಯ ವಿದ್ವಾಂಸರು ಗ್ರೀಕಿಗೆ ಅನುವಾದಿಸಿದಾಗ, ಹೀಬ್ರೂವಿನಲ್ಲಿ ನೃತ್ಯವೆಂದು ಇರುವ ಕಡೆಗಳಲ್ಲಿ ಖೊರೋಸ್ ಎಂದು ಬರೆದರು. ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಹೊರಟಾಗ ಅವಳ ಹಿಂದೆ ಹೆಂಗಸರೆಲ್ಲ ಹೊರಟದ್ದು ಆ ಗ್ರೀಕ್ ಪಠ್ಯದ ಪ್ರಕಾರ ಖೊರೋಸ್‌ಗಳಲ್ಲಿ. 150ನೇ ಕೀರ್ತನೆಯಲ್ಲಿ ದಮ್ಮಡಿಯ ಜೊತೆಗೆ ಬರುವ ನೃತ್ಯವೂ ಖೊರೋಸ್. ಲ್ಯಾಟಿನ್ ಬೈಬಲಿನಲ್ಲಿ ಅದು ಕೋರಸ್ ಎಂದಾಯಿತು. ಶತಮಾನಗಳ ಕಾಲ ಆ ಕೀರ್ತನೆಯನ್ನು ಲ್ಯಾಟಿನ್ನಿನಲ್ಲಿ ಹಾಡಿದ ಸನ್ಯಾಸಿಗಳು, ಮೂಲದಲ್ಲಿ ಕುಣಿತವಾಗಿದ್ದ ಮಾತಿನಲ್ಲಿ ತಮ್ಮ ಹಾಡುವ ಮೇಳದ ಹೆಸರನ್ನೇ ಕೇಳಿಸಿಕೊಂಡಿರಬೇಕು.

ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದಲ್ಲಿ ಖೊರೋಸ್ ಎಂಬ ಪದ ಬರುವುದು ಒಂದೇ ಒಂದು ಸಲ. ಅದು ದೇವಾಲಯದ ವರ್ಣನೆಯಲ್ಲಿ ಇಲ್ಲ, ಪ್ರಕಟನೆಯ ಸ್ವರ್ಗದ ಗಾಯನದಲ್ಲಿಯೂ ಇಲ್ಲ. ಅದು ಇರುವುದು ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ, ದುಂದುಗಾರ ಮಗನ ಸಾಮತಿಯಲ್ಲಿ. ಕಿರಿಯ ಮಗ ಹಿಂದಿರುಗಿದ್ದಾನೆ, ಕೊಬ್ಬಿದ ಕರುವನ್ನು ಕೊಯ್ದಿದ್ದಾರೆ, ಮನೆಯಲ್ಲಿ ಹಬ್ಬ. ಹೊಲದಿಂದ ಬರುತ್ತಿರುವ ಹಿರಿಯ ಮಗನ ಕಿವಿಗೆ ಮನೆಯ ಹತ್ತಿರ ಬೀಳುವುದು ಎರಡು ಸದ್ದು: ಒಂದು ವಾದ್ಯಸಂಗೀತ, ಇನ್ನೊಂದು ಖೊರೋಸ್. ಕಳೆದುಹೋದವನು ಸಿಕ್ಕ ಸಂತೋಷದಲ್ಲಿ ತಂದೆಯ ಮನೆ ಹಾಡಿ ಕುಣಿದ ಸಪ್ಪಳಕ್ಕೆ ಶುಭಸಂದೇಶ ಕೊಟ್ಟ ಹೆಸರೇ ನಮ್ಮ ಕ್ವಾಯರ್. ಆ ಸಪ್ಪಳವನ್ನು ಕೇಳಿಯೂ ಒಳಗೆ ಹೋಗಲೊಲ್ಲದೆ ಬಾಗಿಲ ಹೊರಗೆ ನಿಂತವನೊಬ್ಬನಿದ್ದಾನೆ ಎಂಬುದನ್ನೂ ಅದೇ ವಾಕ್ಯಗಳು ಹೇಳುತ್ತವೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ.

ಜನದಿಂದ ಜಾಗಕ್ಕೆ

ಕ್ರೈಸ್ತರ ಆರಾಧನೆಯಲ್ಲಿ ಕುಣಿತ ಹಿಂದೆ ಸರಿದು ಹಾಡು ಉಳಿಯಿತು. ಯುರೋಪಿನ ದೊಡ್ಡ ದೇವಾಲಯಗಳಲ್ಲಿ ಜನರು ನಿಲ್ಲುವ ಭಾಗಕ್ಕೂ ಬಲಿಪೀಠಕ್ಕೂ ನಡುವೆ ಸನ್ಯಾಸಿಗಳೂ ಗುರುಗಳೂ ಎದುರುಬದುರಾಗಿ ಎರಡು ಸಾಲು ಕುಳಿತು ಕೀರ್ತನೆಗಳ ಚರಣಗಳನ್ನು ಒಂದು ಸಾಲಿನ ಬಳಿಕ ಇನ್ನೊಂದು ಸಾಲಿನವರು ಹಾಡುತ್ತಿದ್ದರು. ಹಾಡುವವರ ಹೆಸರು ಅವರು ಕೂಡುವ ಸ್ಥಳಕ್ಕೂ ಅಂಟಿತು. ಇಂದಿಗೂ ಇಂಗ್ಲಿಷಿನಲ್ಲಿ ಕ್ವಾಯರ್ ಎಂದರೆ ಹಾಡುವ ಜನ, ಮತ್ತು ದೇವಾಲಯದ ಆ ಭಾಗ. ಗೋವೆಯಲ್ಲಿ ಪೋರ್ಚುಗೀಸರು ಕಟ್ಟಿದ ಚರ್ಚುಗಳ ಹೆಬ್ಬಾಗಿಲ ಮೇಲಿನ ಅಟ್ಟಕ್ಕೆ 'ಕೋರೊ' ಎನ್ನುತ್ತಾರೆ. ಅದೂ ಇದೇ ಮಾತು.

ಇಂಗ್ಲಿಷಿಗೆ ಈ ಪದ ಬಂದದ್ದು ಹಳೆಯ ಫ್ರೆಂಚಿನ ಮೂಲಕ, ಸುಮಾರು 1300ರ ಹೊತ್ತಿಗೆ. ಆಗ ಅದರ ಉಚ್ಚಾರ 'ಕ್ವೇರ್' ಎಂಬುದಕ್ಕೆ ಹತ್ತಿರವಾಗಿತ್ತು. ಬರೆಯುವಾಗ ಕ್ಯು ಅಕ್ಷರದಿಂದ ಆರಂಭಿಸುತ್ತಿದ್ದರು. 1662ರ ಆಂಗ್ಲಿಕನ್ ಪ್ರಾರ್ಥನಾ ಗ್ರಂಥದಲ್ಲಿ ಆ ಹಳೆಯ ಕಾಗುಣಿತವೇ ಇದೆ. 17ನೇ ಶತಮಾನದ ಕೊನೆಯ ಹೊತ್ತಿಗೆ ವಿದ್ವಾಂಸರು ಲ್ಯಾಟಿನ್ ಮೂಲವನ್ನು ನೆನೆದು ಅದನ್ನು ಸಿ, ಎಚ್ ಅಕ್ಷರಗಳಿಂದ ಬರೆಯುವ ರೂಢಿ ತಂದರು. ಬರವಣಿಗೆ ಬದಲಾಯಿತು, ಬಾಯಿ ಬದಲಾಗಲಿಲ್ಲ. ಆದ್ದರಿಂದಲೇ ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಆ ಅಕ್ಷರಗಳನ್ನು ಕಂಡು 'ಚಾಯರ್' ಎಂದು ಓದಿ ನಗೆಗೀಡಾಗುತ್ತಾರೆ. ತಪ್ಪು ಮಕ್ಕಳದಲ್ಲ, ಮುನ್ನೂರು ವರ್ಷದ ಹಿಂದಿನ ಪಂಡಿತರದು.

ಈ ಪದಕ್ಕೆ ಒಂದು ಶೋಕದ ನೆನಪೂ ಇದೆ. 1536ರಿಂದ 1540ರವರೆಗೆ ಇಂಗ್ಲೆಂಡಿನ ದೊರೆ 8ನೇ ಹೆನ್ರಿ ತನ್ನ ರಾಜ್ಯದ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡ. ಸನ್ಯಾಸಿಗಳು ಚದರಿಹೋದರು, ಅನೇಕ ಮಠಗಳ ಛಾವಣಿಯ ಸೀಸವನ್ನು ಕಿತ್ತು ಮಾರಿದರು, ಹಾಡು ನಿಂತ ಗೋಡೆಗಳು ಬಯಲಿನಲ್ಲಿ ಉಳಿದವು. ಎರಡು ತಲೆಮಾರುಗಳ ನಂತರ ಶೇಕ್ಸ್‌ಪಿಯರ್ ಕವಿ 1609ರಲ್ಲಿ ಪ್ರಕಟವಾದ ತನ್ನ ಸುನೀತವೊಂದರಲ್ಲಿ ಎಲೆಯುದುರಿದ ಮರದ ಕೊಂಬೆಗಳನ್ನು ಹಾಳುಬಿದ್ದ ಕ್ವಾಯರ್‌ಗೆ ಹೋಲಿಸಿದ. ಹಾಡುವವರ ಆಧಾರವನ್ನು ಕಿತ್ತರೆ ಹಾಡೂ ಉಳಿಯದು ಎಂಬುದನ್ನು ಆ ದೇಶದವರು ಕಣ್ಣಾರೆ ಕಂಡಿದ್ದರು.

ಪಟ್ಟದಕಲ್ಲಿನ ಗಾಂಧರ್ವರು

ಇನ್ನು ನಮ್ಮ ನಾಡಿಗೆ ಬರೋಣ. ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿಯಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಮಲಪ್ರಭಾ ನದಿ ಉತ್ತರಾಭಿಮುಖವಾಗಿ ಹರಿಯುವಲ್ಲಿ ಪಟ್ಟದಕಲ್ಲು ಇದೆ. ಅದರ ಹಳೆಯ ಹೆಸರು ಕಿಸುವೊಳಲು, ಅಂದರೆ ಕೆಂಪು ಊರು. ಅಲ್ಲಿನ ಬಂಡೆಯ ಬಣ್ಣ ಕಂಡವರಿಗೆ ಆ ಹೆಸರಿನ ಅರ್ಥ ಹೇಳಬೇಕಾಗಿಲ್ಲ. ಬಾದಾಮಿ ಚಾಲುಕ್ಯರ ಪಟ್ಟಾಭಿಷೇಕದ ನಂಟಿನಿಂದ ಅದು ಪಟ್ಟದ ಕಿಸುವೊಳಲು ಆಯಿತು, ಮುಂದೆ ಪಟ್ಟದಕಲ್ಲು ಎನಿಸಿತು. 1987ರಲ್ಲಿ ಯುನೆಸ್ಕೋ ಇಲ್ಲಿನ ದೇವಾಲಯ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿನ ಅತಿ ದೊಡ್ಡ ಗುಡಿ ವಿರೂಪಾಕ್ಷ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ (733ರಿಂದ ಸುಮಾರು 744) ಪಲ್ಲವರ ಕಂಚಿಯನ್ನು ಮೂರು ಸಲ ಗೆದ್ದದ್ದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅವಳ ಹೆಸರಿನಿಂದ ಮೊದಲಿಗೆ ಅದು ಲೋಕೇಶ್ವರವೆನಿಸಿತ್ತು. ಅದನ್ನು ಕಟ್ಟಿದ ಶಿಲ್ಪಿ ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದಿತ್ತೆಂದು ಅಲ್ಲಿನ ಶಾಸನ ಹೇಳುತ್ತದೆ. ಗೆದ್ದ ಕಂಚಿಯನ್ನು ವಿಕ್ರಮಾದಿತ್ಯ ಸೂರೆಮಾಡದೆ, ಅಲ್ಲಿನ ರಾಜಸಿಂಹೇಶ್ವರ ಗುಡಿಯ ಚಿನ್ನವನ್ನು ಗುಡಿಗೇ ಬಿಟ್ಟುಕೊಟ್ಟನೆಂದು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿಯೇ ಬರೆಸಿದ್ದಾನೆ.

ಇಷ್ಟನ್ನು ಪ್ರವಾಸಕ್ಕೆ ಹೋದವರೆಲ್ಲ ಕೇಳಿರುತ್ತಾರೆ. ಅಷ್ಟಾಗಿ ಕೇಳಿರದ ಒಂದು ಚಿಕ್ಕ ಶಾಸನ ಇದೇ ಗುಡಿಯಲ್ಲಿದೆ. ಪಟ್ಟದಕಲ್ಲಿನ ಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು 1881ರಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯ 10ನೇ ಸಂಪುಟದಲ್ಲಿ ಅಚ್ಚು ಹಾಕಿಸಿದಾಗ ಇದೂ ಬೆಳಕಿಗೆ ಬಂತು. ಹಳಗನ್ನಡದ ಆ ಶಾಸನದ ಸಾರ ಇಷ್ಟೆ: ಹಿಂದೆ ವಿಜಯಾದಿತ್ಯ ದೊರೆ ಇಲ್ಲಿಯ ಗಾಯಕರಿಗೆ ಕೊಟ್ಟಿದ್ದ ಕೊಡುಗೆ ಕಟ್ಟಳೆಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳು. ಗಾಯಕರನ್ನು ಶಾಸನ 'ಗಾಂಧರ್ವರು' ಎಂದು ಕರೆಯುತ್ತದೆ. ವಿಜಯಾದಿತ್ಯ (696ರಿಂದ 733) ವಿಕ್ರಮಾದಿತ್ಯನ ತಂದೆ, ಅಂದರೆ ಲೋಕಮಹಾದೇವಿಗೆ ಮಾವ. ಇಂದು ಸಂಗಮೇಶ್ವರವೆಂದು ಕರೆಯುವ ಗುಡಿಯನ್ನು ವಿಜಯೇಶ್ವರವೆಂಬ ಹೆಸರಿನಲ್ಲಿ ಕಟ್ಟಿಸಿದವನು ಅವನೇ.

ಈ ಶಾಸನದಲ್ಲಿ ಯುದ್ಧವಿಲ್ಲ, ಬಿರುದುಗಳ ಸುರಿಮಳೆಯಿಲ್ಲ. ಆದರೂ ಅದು ಹೇಳುವುದು ಬಹಳ. ಮೊದಲನೆಯದು, 8ನೇ ಶತಮಾನದ ಕನ್ನಡ ನಾಡಿನಲ್ಲಿ ದೇವರ ಮುಂದೆ ಹಾಡುವವರು ಒಂದು ಮೇಳವಾಗಿ, ಒಂದು ಸಮುದಾಯವಾಗಿ ಗುರುತಿಸಿಕೊಂಡಿದ್ದರು. ಎರಡನೆಯದು, ಅವರ ಬಾಳುವೆ ಒಬ್ಬ ದೊರೆಯ ಮೆಚ್ಚುಗೆಯ ಮೇಲೆ ತೂಗಾಡುತ್ತಿರಲಿಲ್ಲ, ಅದಕ್ಕೊಂದು ಒಪ್ಪಂದವಿತ್ತು. ಮೂರನೆಯದು, ದೊರೆ ತೀರಿಕೊಂಡ ಮೇಲೆ ಅಂಥ ಒಪ್ಪಂದಗಳು ಮಾಸುವ ಭಯವಿತ್ತು. ಇಲ್ಲದಿದ್ದರೆ ಸೊಸೆ ಅದನ್ನು ಮತ್ತೆ ಕಲ್ಲಿನಲ್ಲಿ ಬರೆಸಬೇಕಾಗಿರಲಿಲ್ಲ. ಭವ್ಯವಾದ ಗುಡಿಯೊಂದನ್ನು ಕಟ್ಟಿಸಿದ ಹೆಣ್ಣುಮಗಳು ಗೋಡೆ ಗೋಪುರಗಳಿಗೆ ನಿಲ್ಲದೆ, ಒಳಗೆ ಹಾಡುವವರ ಒಲೆ ಉರಿಯುತ್ತಿದೆಯೇ ಎಂದು ವಿಚಾರಿಸಿದಳು. ಗುಡಿಯ ಗಾತ್ರದಷ್ಟೇ ಈ ವಿಚಾರಣೆಯೂ ದೊಡ್ಡದು.

ಹಾಡಿನ ಜೊತೆಗೆ ಕುಣಿತವೂ ಅಲ್ಲಿತ್ತು. ಭರತನ ನಾಟ್ಯಶಾಸ್ತ್ರದ ಮಾರ್ಗವನ್ನು ಹಿಡಿದ ಅಚಲನೆಂಬ ನಟನನ್ನು ಹೊಗಳುವ ಒಂದು ಸಂಸ್ಕೃತ ಬರಹ ಪಟ್ಟದಕಲ್ಲಿನ ಕಂಬವೊಂದರ ಮೇಲಿದೆ. ಚಾಲುಕ್ಯರ ನಂತರ, ರಾಷ್ಟ್ರಕೂಟರ ಧ್ರುವನ ಕಾಲದಲ್ಲಿ, ಗುಡಿಯ ಸೇವೆಯಲ್ಲಿದ್ದ ಬಾದಿಪೊದ್ದಿ ಎಂಬ ಹೆಣ್ಣುಮಗಳು ತಾನೇ ದಾನ ಕೊಟ್ಟದ್ದನ್ನು ಇನ್ನೊಂದು ಶಾಸನ ನೆನೆಯುತ್ತದೆ. ಹಾಡುವ ಜನ, ಹೆಜ್ಜೆ ಹಾಕುವ ಜನ, ಅವರಿಗೆಂದೇ ಬಿಟ್ಟ ಮಂಟಪದ ನೆಲ ಮೂರೂ ಕೂಡಿದ ಸ್ಥಳ ಅದು. ಗ್ರೀಕನೊಬ್ಬ ಬಂದು ನೋಡಿದ್ದರೆ ಅದಕ್ಕೆ ಅನುಮಾನವಿಲ್ಲದೆ ಖೊರೋಸ್ ಎನ್ನುತ್ತಿದ್ದ. ಅವರ ಆರಾಧನೆ ಬೇರೆ, ನಮ್ಮ ಆರಾಧನೆ ಬೇರೆ. ಆದರೆ ದೇವರನ್ನು ಹಾಡಿ ಹೊಗಳುವವರನ್ನು ಸಮಾಜ ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆ ಎಲ್ಲರಿಗೂ ಒಂದೇ.

ಯೆರೂಸಲೇಮಿನ ಒಪ್ಪಂದ

ಪಟ್ಟದಕಲ್ಲಿನ ಶಾಸನವನ್ನು ಓದುವ ಕ್ರೈಸ್ತನಿಗೆ ಪವಿತ್ರ ಗ್ರಂಥದ ಒಂದು ಪುಟ ನೆನಪಾಗದೆ ಇರದು. ದಾವೀದ ಅರಸನು ಆಸಾಫ, ಹೇಮಾನ, ಯೆದುತೂನರ ಮನೆತನಗಳನ್ನು ಗಾಯನಸೇವೆಗೆ ನೇಮಿಸಿದ್ದನ್ನು ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥ ತನ್ನ 25ನೇ ಅಧ್ಯಾಯದಲ್ಲಿ ಹೇಳುತ್ತದೆ. ಅವರ ಲೆಕ್ಕ 288. ಹಿರಿಯ ಕಿರಿಯ, ಗುರು ಶಿಷ್ಯ ಎಂಬ ಭೇದವಿಲ್ಲದೆ ಚೀಟಿ ಹಾಕಿ ಸರದಿ ಗೊತ್ತುಮಾಡಿದರು. ಬಾಬಿಲೋನಿನ ಸೆರೆವಾಸದ ನಂತರ ಮತ್ತೆ ಕಟ್ಟಿದ ಯೆರೂಸಲೇಮಿನಲ್ಲಿ ಗಾಯಕರಿಗೆ ದಿನದಿನದ ಪಾಲು ಸಲ್ಲಬೇಕೆಂಬ ರಾಜಾಜ್ಞೆ ಇತ್ತೆಂದು ನೆಹೆಮೀಯನ ಗ್ರಂಥ (11:23) ತಿಳಿಸುತ್ತದೆ. ಗಾಯಕರು ಯೆರೂಸಲೇಮಿನ ಸುತ್ತ ತಮಗಾಗಿ ಹಳ್ಳಿಗಳನ್ನು ಕಟ್ಟಿಕೊಂಡಿದ್ದರು (12:29).

ಮುಂದೆ ನಡೆದದ್ದು ವಿಚಾರ ಮಾಡತಕ್ಕದ್ದು. ನೆಹೆಮೀಯ ಕೆಲಕಾಲ ಪರ್ಷಿಯಾದ ಅರಸನ ಬಳಿಗೆ ಹೋಗಿ ಹಿಂದಿರುಗುವಷ್ಟರಲ್ಲಿ ಗಾಯಕರಿಗೆ ಬರಬೇಕಾದ ಪಾಲು ನಿಂತಿತ್ತು. ಲೇವಿಯರೂ ಗಾಯಕರೂ ಹೊಟ್ಟೆಪಾಡಿಗಾಗಿ ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು (13:10). ಅವರನ್ನು ಓಡಿಸಿದವರು ಯಾರೂ ಇಲ್ಲ. ಮರೆತವರು ಮಾತ್ರ ಇದ್ದರು. ನೆಹೆಮೀಯ ಅಧಿಕಾರಿಗಳನ್ನು ಗದರಿಸಿ, ಗಾಯಕರನ್ನು ಕರೆಸಿ ಅವರವರ ಸ್ಥಳದಲ್ಲಿ ನಿಲ್ಲಿಸಿದ. ಇದಾಗಿ ಸುಮಾರು ಹನ್ನೆರಡು ಶತಮಾನಗಳ ಮೇಲೆ, ನೆಹೆಮೀಯನ ಹೆಸರನ್ನೂ ಕೇಳಿರಲಾರದ ಚಾಲುಕ್ಯ ರಾಣಿ ಮಲಪ್ರಭೆಯ ದಡದಲ್ಲಿ ಅದೇ ಕೆಲಸವನ್ನು ಮಾಡಿದಳು.

ನಮ್ಮ ಮೇಳ

ಕ್ವಾಯರ್ ಪದಕ್ಕೆ ಅತಿ ಹತ್ತಿರದ ಕನ್ನಡ ಮಾತನ್ನು ಹುಡುಕುವುದಾದರೆ ಅದು 'ಮೇಳ'. ಕೂಡು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಮಾತು ಬಾಗಲಕೋಟೆಯ ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಅಲ್ಲಿ ಡೊಳ್ಳಿನ ಮೇಳವಿದೆ, ಭಜನಿ ಮೇಳವಿದೆ. ಬಯಲಾಟದಲ್ಲಿ, ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರಧಾರಿಯ ಮಾತನ್ನು ಎತ್ತಿಹಿಡಿದು ಹಾಡುವ ಹಿಮ್ಮೇಳವಿದೆ. ಗ್ರೀಕ್ ನಾಟಕದ ಖೊರೋಸ್ ಮಾಡುತ್ತಿದ್ದ ಕೆಲಸ ಇದಕ್ಕಿಂತ ಬಹಳ ಬೇರೆಯದಲ್ಲ.

19ನೇ ಶತಮಾನದ ನಡುವಿನಲ್ಲಿ ಪಟ್ಟದಕಲ್ಲಿಗೆ ದೂರವಲ್ಲದ ನೇಕಾರರ ಊರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ಸಂಸ್ಥೆಯವರು ಕೇಂದ್ರವನ್ನು ತೆರೆದರು. ಅವರ ಸಭೆಗಳಲ್ಲಿ ಕನ್ನಡ ಗೀತೆಗಳನ್ನು ಜರ್ಮನ್ ರಾಗಗಳಿಗೆ ಹೊಂದಿಸಿ ಹಾಡುವುದು ರೂಢಿಗೆ ಬಂತು. ಕಥೋಲಿಕ ದೇವಾಲಯಗಳಲ್ಲಿ ಲ್ಯಾಟಿನ್ ಪೂಜೆಯ ಕಾಲದಲ್ಲಿ ಲ್ಯಾಟಿನ್ ಗಾಯನವೂ, 1960ರ ದಶಕದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕನ್ನಡದ ಗೀತೆಗಳೂ ಕೇಳಿಬಂದವು. ಹಾರ್ಮೋನಿಯಂ, ತಬಲಾ, ತಾಳ ಬಲಿಪೀಠದ ಹತ್ತಿರಕ್ಕೆ ಬಂದವು. ಕ್ವಾಯರ್ ಎಂಬ ಪರದೇಶದ ಪದದೊಳಗೆ ನಮ್ಮ ಮೇಳ ಕುಳಿತುಕೊಂಡಿತು.

ಯಾರು ಹಾಡಬೇಕು?

ಇಲ್ಲಿ ಹಳೆಯ ಪ್ರಶ್ನೆಯೊಂದು ಎದ್ದು ನಿಲ್ಲುತ್ತದೆ. ಹಾಡುವವರು ಮೇಳದವರೋ, ಜನರೋ? 386ರಲ್ಲಿ ಮಿಲಾನ್ ನಗರದಲ್ಲಿ ರಾಜಮಾತೆ ಜಸ್ಟೀನಾಳ ಕಿರುಕುಳಕ್ಕೆ ಎದುರಾಗಿ ವಿಶ್ವಾಸಿಗಳು ಸಂತ ಅಂಬ್ರೋಸರೊಡನೆ ದೇವಾಲಯದಲ್ಲಿ ಜಾಗರಣೆ ಮಾಡಿದಾಗ, ಅವರು ಕುಗ್ಗದಂತೆ ಗೀತೆಗಳನ್ನೂ ಕೀರ್ತನೆಗಳನ್ನೂ ಹಾಡುವ ಪದ್ಧತಿ ಅಲ್ಲಿ ಆರಂಭವಾಯಿತೆಂದು ಸಂತ ಅಗಸ್ಟೀನರು ಬರೆದಿದ್ದಾರೆ. ಹಾಡಿದವರು ಜನರೇ. ಅದೇ 4ನೇ ಶತಮಾನದಲ್ಲಿ ಲಾವೊದಿಕೀಯದ ಧರ್ಮಸಭೆಯ ಸಮ್ಮೇಳನ, ನೇಮಕಗೊಂಡ ಗಾಯಕರಲ್ಲದೆ ಬೇರೆಯವರು ದೇವಾಲಯದಲ್ಲಿ ಮುಂದೆ ನಿಂತು ಹಾಡಬಾರದೆಂದು ವಿಧಿಸಿತು. ಈ ಎರಡು ದಾರಿಗಳ ನಡುವಿನ ಎಳೆದಾಟ ಇಂದಿಗೂ ಮುಗಿದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನ ತನ್ನ 114ನೇ ಪರಿಚ್ಛೇದದಲ್ಲಿ ಗಾಯಕವೃಂದಗಳನ್ನು ಶ್ರದ್ಧೆಯಿಂದ ಬೆಳೆಸಬೇಕೆನ್ನುತ್ತದೆ. ಅದೇ ಉಸಿರಿನಲ್ಲಿ ಇಡೀ ವಿಶ್ವಾಸಿಗಳ ಸಮೂಹ ತನ್ನ ಪಾಲಿನ ಹಾಡನ್ನು ಹಾಡುವಂತೆ ಗುರುಗಳು ನೋಡಿಕೊಳ್ಳಬೇಕೆಂದೂ ಹೇಳುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಈ ಎರಡು ಮಾತುಗಳೂ ಒಟ್ಟಿಗೆ ನಡೆಯುತ್ತಿವೆಯೇ? ಒಂದು ಕಡೆ, ಹಾಡುವವರನ್ನು ನಾವು ಮರೆಯುತ್ತೇವೆ. ಕೂಲಿ ಕೆಲಸ, ಕಚೇರಿ, ಪರೀಕ್ಷೆ ಎಲ್ಲವನ್ನೂ ಸರಿದೂಗಿಸಿಕೊಂಡು ಶನಿವಾರ ಸಂಜೆ ಅಭ್ಯಾಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಹಬ್ಬದ ದಿನ ಒಂದು ವಂದನೆ ಸಲ್ಲಿಸಿ ಸುಮ್ಮನಾಗುತ್ತೇವೆ. ಅವರಿಗೆ ಕಲಿಸುವವರು ಬೇಕು, ವಾದ್ಯ ಬೇಕು, ಹಳ್ಳಿಯಿಂದ ಬರುವವರಿಗೆ ಬಸ್ಸಿನ ಖರ್ಚು ಬೇಕು. ಗೋಪುರದ ಬಣ್ಣಕ್ಕೆ ಹಣ ಕೂಡುವಷ್ಟು ಸುಲಭವಾಗಿ ಇದಕ್ಕೆ ಕೂಡುವುದಿಲ್ಲ. ಒಬ್ಬೊಬ್ಬರೇ ನಿಂತುಹೋದಾಗ, ಈಗಿನ ಯುವಕರಿಗೆ ಭಕ್ತಿಯಿಲ್ಲ ಎಂದುಬಿಡುತ್ತೇವೆ. ನೆಹೆಮೀಯನಾದರೋ ಗಾಯಕರ ಭಕ್ತಿಯನ್ನು ಪ್ರಶ್ನಿಸಲಿಲ್ಲ, ಅಧಿಕಾರಿಗಳ ಹೊಣೆಯನ್ನು ಪ್ರಶ್ನಿಸಿದ.

ಇನ್ನೊಂದು ಕಡೆ, ಮೈಕು ಕೈಗೆ ಬಂದ ಮೇಳ ಸಭೆಯ ಬಾಯನ್ನು ಮುಚ್ಚಿಸುವುದೂ ಉಂಟು. ಯಾರಿಗೂ ಬಾರದ ಹೊಸ ರಾಗ, ಯಾರ ಎಟುಕಿಗೂ ಸಿಗದ ಮೇಲಿನ ಶ್ರುತಿ, ಕೀಬೋರ್ಡಿನ ಅಬ್ಬರ ಎಲ್ಲ ಸೇರಿದರೆ ಹಿಂದಿನ ಸಾಲಿನ ಅಜ್ಜಿ ತನಗೆ ಬರುವ ಒಂದು ಗೀತೆಯನ್ನೂ ನುಂಗಿಕೊಂಡು ಕೂರುತ್ತಾಳೆ. ಬಲಿಪೂಜೆ ಕಚೇರಿಯಾಗುತ್ತದೆ, ವಿಶ್ವಾಸಿ ಶ್ರೋತೃವಾಗುತ್ತಾನೆ. ಆಗ ಆ ಅಜ್ಜಿ ಗೋಡೆಯೊಳಗೆ ಕುಳಿತಿದ್ದರೂ ಸಾಮತಿಯ ಹಿರಿಯ ಮಗನಂತೆ ಹೊರಗೇ ಉಳಿದಂತಾಯಿತು. ಆ ಮಗ ತಾನಾಗಿ ಹೊರಗೆ ನಿಂತ. ಇವಳನ್ನು ನಿಲ್ಲಿಸಿದವರು ನಾವು ಎಂಬುದಷ್ಟೇ ವ್ಯತ್ಯಾಸ.

ಪಟ್ಟದಕಲ್ಲಿನ ಒಪ್ಪಂದದಂತೆ ನಮ್ಮದಕ್ಕೂ ಎರಡು ಮುಖಗಳಿರಬೇಕು. ಸಮುದಾಯ ಹಾಡುವವರನ್ನು ಪೊರೆಯಬೇಕು. ಹಾಡುವವರು ಸಮುದಾಯದ ದನಿಯನ್ನು ಎತ್ತಿಹಿಡಿಯಬೇಕು. ಹಿಮ್ಮೇಳಕ್ಕೆ ಈ ವಿವೇಕ ಗೊತ್ತಿದೆ. ತನ್ನ ದನಿ ಎಷ್ಟೇ ಚೆನ್ನಾಗಿರಲಿ, ಆಟ ಸಾಗಬೇಕಾದರೆ ಮುಂದಿನವನ ಮಾತು ಜನರಿಗೆ ಕೇಳಬೇಕೆಂದು ಅದು ಬಲ್ಲದು.

2ನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷರಾದ ಸಂತ ಇಗ್ನಾಸಿಯವರನ್ನು ಸಂಕೋಲೆ ಹಾಕಿ ರೋಮಿಗೆ, ಕಾಡುಮೃಗಗಳ ಬಾಯಿಗೆ, ಒಯ್ಯುತ್ತಿದ್ದರು. ದಾರಿಯಲ್ಲಿ ಅವರು ಎಫೆಸದ ಸಭೆಗೆ ಒಂದು ಪತ್ರ ಬರೆದರು. ನೀವೆಲ್ಲರೂ ಒಬ್ಬೊಬ್ಬರಾಗಿ ಒಂದು ಖೊರೋಸ್ ಆಗಿರಿ, ದೇವರಿಂದ ಶ್ರುತಿಯನ್ನು ಪಡೆದು ಒಂದೇ ಕಂಠದಿಂದ ಕ್ರಿಸ್ತನ ಮೂಲಕ ಪಿತನಿಗೆ ಹಾಡಿರಿ ಎಂಬುದು ಅದರಲ್ಲಿನ ಒಂದು ಬೋಧನೆಯ ಸಾರ. ಆಗ ಕ್ರೈಸ್ತರಿಗೆ ಗೋಪುರವಿರಲಿಲ್ಲ, ಅಟ್ಟವಿರಲಿಲ್ಲ, ವಾದ್ಯವಿರಲಿಲ್ಲ. ಸಾವಿನ ದಾರಿಯಲ್ಲಿದ್ದ ಆ ಹಿರಿಯರಿಗೆ ಇಡೀ ಸಭೆಯೇ ಗಾನವೃಂದವಾಗಿ ಕಂಡಿತು. ಮುಂದಿನ ಭಾನುವಾರ ಪ್ರವೇಶ ಗೀತೆಗೆ ಶ್ರುತಿ ಹಿಡಿದಾಗ ಮೇಳದವರು ತುಸು ತಗ್ಗಿಸಿ ಆರಂಭಿಸಲಿ, ಹಿಂದಿನ ಸಾಲಿನವರು ಸಂಕೋಚ ಬಿಟ್ಟು ಬಾಯಿ ತೆರೆಯಲಿ. ಪೂಜೆ ಮುಗಿದ ಮೇಲೆ ಪಾಲನಾ ಸಮಿತಿಯವರು ಹಾಡಿದ ಮಕ್ಕಳ ಬಳಿಗೆ ಹೋಗಿ, ನಿಮಗೆ ಏನು ಬೇಕು ಎಂದು ಒಂದು ಮಾತು ಕೇಳಲಿ.